ಕಂಬ ನಂಬರ್ ೪೪೩೯

ಹೋಬರ್ಟ್ ಸ್ಟಿಡಮ್ ಮೂವತ್ತನಾಲ್ಕು ವರ್ಷ, ಬೂಟಿಗೆ ಕಟ್ಟಿದ ಮೊಳೆಯನ್ನು ಮರಕ್ಕೆ ಕಚ್ಚಿಸುತ್ತ, ಕರೆಂಟ್ ಕಂಬ ಹತ್ತಿದ. ಕೆಂಟಕಿಯ ಬೆಟ್ಟಗಳ ಆ ಕಣಿವೆಗೆ ಕರೆಂಟ್ ಕೊಡುವುದು ಊರವರೇ ಸೇರಿ ಕಟ್ಟಿದ ಸಹಕಾರ ಸಂಘ. ಸಂಘದ ಪ್ರತಿ ಕಂಬಕ್ಕೂ ಒಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಕರೆಂಟ್ ಹೋದರೆ ಜನ ಫೋನ್ ಮಾಡಿ ಹೆಸರು ಹೇಳುತ್ತಿರಲಿಲ್ಲ, ಕಂಬದ ನಂಬರು ಹೇಳುತ್ತಿದ್ದರು. ಕಣಿವೆಯ ಮೊದಲ ಕಂಬ ೪೪೧೭, ಕೊನೆಯದು ೪೪೩೯. ಅದರ ಪಕ್ಕದ್ದೇ ಹೋಬರ್ಟ್ ಮತ್ತು ಅವನ ಹೆಂಡತಿ ಡೆಲ್ಫಾಳ ಮನೆ.

ಎಳೆ ಪ್ರಾಯದಲ್ಲಿ ಗಣಿಯಲ್ಲಿ ಕುಡಿದ ಕಲ್ಲಿದ್ದಲ ಧೂಳು ಅರವತ್ತೆಂಟಕ್ಕೆ ಅವನ ಎದೆ ಹಿಡಿಯಿತು. ಹೆಚ್ಚು ದಿನ ಇಲ್ಲವೆಂದು ಅವನಿಗೆ ಗೊತ್ತಿತ್ತು. ಡೆಲ್ಫಾಳಿಗೆ ಸಕ್ಕರೆ ಕಾಯಿಲೆ. ಕಾರು ಓಡಿಸಲು ಬಾರದು. ಡಾಕ್ಟರು ಎಪ್ಪತ್ತು ಮೈಲಿ ಆಚೆ. ಇಂಟರ್ನೆಟ್ ಇದ್ದವರು ಅಡುಗೆಮನೆಯಲ್ಲಿ ಕೂತೇ ಡಾಕ್ಟರಿಗೆ ಮುಖ ತೋರಿಸುತ್ತಿದ್ದರು. ಅದು ಇವಳಿಗೂ ಬರಬೇಕೆಂದು ಹಟ ಹಿಡಿದ.

ಆಗಲೇ ರಾಜ್ಯದ ಶಾಸನಸಭೆಗೆ ಮಸೂದೆ ಬಂತು. ಸಂಘಗಳು ತಮ್ಮ ಕಂಬಗಳ ಮೇಲೆಯೇ ಇಂಟರ್ನೆಟ್ಟನ್ನು ಬೆಳಕಾಗಿ ಹೊತ್ತು ತರುವ ಗಾಜಿನ ಎಳೆ ಎಳೆಯಬಹುದು, ಹಣ ಸರ್ಕಾರದ್ದು. ಆದರೆ ಇಂಟರ್ನೆಟ್ ಇಲ್ಲದ ಕಡೆಗೆ ಮಾತ್ರ. ಸರ್ಕಾರದ ನಕ್ಷೆಯಲ್ಲಿ ಇವರ ಕಣಿವೆಗೆ 'ಇದೆ' ಎಂದು ಬಣ್ಣ ಬಳಿದಿದ್ದರು. ಬೆಟ್ಟದ ನೆತ್ತಿಯಲ್ಲಿ ಪೇಟೆಯವನೊಬ್ಬನ ಬೇಟೆಮನೆಗೆ ಇತ್ತು. ಒಂದು ಮನೆಗಿದ್ದರೆ ಸುತ್ತಲಿನವರಿಗೆಲ್ಲ ಇದ್ದ ಲೆಕ್ಕ. ತಕರಾರಿದ್ದರೆ ಇಂಟರ್ನೆಟ್ಟಿನಲ್ಲೇ ಸಲ್ಲಿಸಬೇಕಂತೆ.

"ವರ್ಷಕ್ಕೆ ಎರಡು ವಾರ ಜಿಂಕೆ ಹೊಡೆಯೋಕೆ ಬರೋನಿಗೆ ಇದೆ ಅಂತ, ನಮಗೂ ಇದೆಯಂತೆ ಕಣೇ."

"ಬಿಡು, ಅವನು ಹೊಡೆದ ಜಿಂಕೇನೂ ನಾವೇ ತಿಂದ್ವಿ ಅಂತ ಬರ್ಕೋತಾರೆ," ಎಂದಳು ಡೆಲ್ಫಾ.

ಮಸೂದೆ ಪರಿಶೀಲಿಸುವ ಸಮಿತಿಯ ಮುಂದೆ ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದೆಂದು ಕೇಳಿ ಇಬ್ಬರೂ ರಾಜಧಾನಿಗೆ ಹೋದರು. ಶಾಸನಸಭೆ ಕಟ್ಟಡದ ಕಲ್ಲಿನ ಕಂಬಗಳನ್ನು ಹೋಬರ್ಟ್ ಕತ್ತೆತ್ತಿ ನೋಡಿದ. "ಇವನ್ನ ಹತ್ತೋಕಾಗಲ್ಲ. ಬೂಟಿನ ಮೊಳೆ ಹಿಡಿಯಲ್ಲ."

ಡೆಲ್ಫಾ ಹಿಂದಿನ ಬೆಂಚಿನಲ್ಲಿ ಕೂತಳು.

"ನಿಮ್ಮ ಹೆಸರು, ವಿಳಾಸ?" ಎಂದು ಅಧ್ಯಕ್ಷೆ ಕೇಳಿದಳು.

"ಹೋಬರ್ಟ್ ಸ್ಟಿಡಮ್. ನಲವತ್ನಾಲ್ಕು ಮೂವತ್ತೊಂಬತ್ತು."

"ಯಾವ ಬೀದಿ ಸಾರ್?"

"ಬೀದಿ ಅಲ್ಲ ಮೇಡಂ. ಕಂಬ."

ಸಭೆ ನಕ್ಕಿತು. ಹೋಬರ್ಟ್ ನಗಲಿಲ್ಲ. ಕೈಯಲ್ಲಿ ಕಾಗದವಿರಲಿಲ್ಲ. ಕಣ್ಣು ಮುಚ್ಚಿ ಶುರುಮಾಡಿದ.

"ನಲವತ್ನಾಲ್ಕು ಹದಿನೇಳು. ವೆರ್ಲಿನ್ ಮನೆ. ಇಂಟರ್ನೆಟ್ ಇಲ್ಲ. ಹದಿನೆಂಟು, ಬರೀ ತಿರುವು, ಮನೆ ಇಲ್ಲ. ಹತ್ತೊಂಬತ್ತು. ಮೂರು ಮಕ್ಕಳು. ಪೇಟೆ ಚರ್ಚಿನ ಇಂಟರ್ನೆಟ್ ಹಿಡಿದು ಹೋಂವರ್ಕ್ ಮಾಡೋಕೆ ಅದರ ಅಂಗಳದಲ್ಲಿ ಕಾರೊಳಗೆ ಕೂರ್ತವೆ. ಇಲ್ಲ."

ಒಂದೊಂದು ಕಂಬಕ್ಕೂ ಉಸಿರು ಎಳೆದುಕೊಳ್ಳಬೇಕಿತ್ತು. ನಗು ನಿಂತಿತು. ಮೂರು ನಿಮಿಷದ ಗಂಟೆ ಹೊಡೆಯಿತು. ಅಧ್ಯಕ್ಷೆ ಅದರ ಮೇಲೆ ಅಂಗೈ ಇಟ್ಟು ಅದುಮಿದಳು. "ಮುಗಿಸಿ ಸಾರ್."

ನಲವತ್ತಾರು ವರ್ಷ ಒಟ್ಟಿಗೆ ಬಾಳಿದ್ದ ಡೆಲ್ಫಾಳಿಗೆ, ಇವನು ಇಡೀ ಕಣಿವೆಯನ್ನು ತಲೆಯೊಳಗೆ ಹೊತ್ತು ತಿರುಗುತ್ತಿದ್ದನೆಂದು ಗೊತ್ತಿರಲಿಲ್ಲ. ಬೆಂಚಿನ ಅಂಚು ಹಿಡಿದು ಕೂತಳು.

"ಮೂವತ್ತೊಂಬತ್ತು," ಎಂದ ಕೊನೆಗೆ. "ನನ್ನ ಹೆಂಡತಿ. ಇಲ್ಲ."

ಕಾಯ್ದೆ ಪಾಸಾಯಿತು. ಅದರಲ್ಲಿ ಒಂದು ಸಾಲು ಹೊಸದಾಗಿ ಸೇರಿತ್ತು: ಪ್ರತಿ ಮನೆಯನ್ನೂ ಬೇರೆ ಬೇರೆಯಾಗಿ ಎಣಿಸತಕ್ಕದ್ದು.

ಹೋಬರ್ಟ್ ಜನವರಿಯಲ್ಲಿ ಸತ್ತ. ಎಳೆ ಬಂದದ್ದು ಮೇ ತಿಂಗಳಲ್ಲಿ.

ಸಂಘದ ಕೆಲಸದವಳು ಅದರ ತುದಿಯನ್ನು ಕೈಗೆ ತೊಟ್ಟ ದಪ್ಪ ಗವಸಿನ ಮೇಲೆ ಹಿಡಿದಳು. ಕೂದಲಿನಷ್ಟು ಸಪೂರ. ತುದಿಯಲ್ಲಿ ಕೆಂಪು ಬೆಳಕಿನ ಒಂದು ಚುಕ್ಕೆ.

"ನೇರ ನೋಡ್ಬೇಡಿ ಅಮ್ಮಾ, ಕಣ್ಣಿಗೆ ಆಗಲ್ಲ. ಗವಸಿನ ಮೇಲೆ ನೋಡಿ."

"ಎಲ್ಲಿಂದ ಬಂತು ಇದು?"

"ಎಳೆ ಪರೀಕ್ಷೆಗೆ ಅಂತ ನಲವತ್ನಾಲ್ಕು ಹದಿನೇಳರ ಹತ್ರ ನಮ್ಮವನು ಬೆಳಕು ಬಿಟ್ಟಿದಾನೆ. ಒಂದೊಂದೇ ಕಂಬ ದಾಟ್ಕೊಂಡು ಬಂದಿದೆ."

ಡೆಲ್ಫಾ ಕಣಿವೆಯ ಕಂಬಗಳ ಸಾಲಿನತ್ತ ತಿರುಗಿದಳು. ವೆರ್ಲಿನ್ ಮನೆ, ತಿರುವು, ಮೂರು ಮಕ್ಕಳು. ಅವನು ಸಭೆಯಲ್ಲಿ ನಡೆದ ದಾರಿಯಲ್ಲೇ ಅದೂ ನಡೆದು ಬಂದಿತ್ತು. ಮನೆ ಪಕ್ಕದ ಕಂಬದ ತುಂಬ ಅವನ ಬೂಟಿನ ಮೊಳೆ ಕಚ್ಚಿದ ಗುರುತು. ಒಂದರಲ್ಲಿ ಬೆರಳಿಟ್ಟಳು. ಅಷ್ಟು ಎತ್ತರಕ್ಕೇ ಅವಳ ಕೈ ಎಟುಕುತ್ತಿದ್ದುದು.

"ನಲವತ್ನಾಲ್ಕು ಮೂವತ್ತೊಂಬತ್ತು," ಎಂದಳು, ಸಭೆಗೆ ಕೇಳುವಷ್ಟು ಗಟ್ಟಿಯಾಗಿ. "ಇದೆ."