ಯಶೋದಮ್ಮ ತೊಳೆಯುವ ಗಾಯ

ಬೆಳಕು ಹರಿಯುವ ಹೊತ್ತು. ಕೆ.ಆರ್. ಪೇಟೆ ತಾಲ್ಲೂಕು ಸಿಂಧಘಟ್ಟದ ಮರಿಸ್ವಾಮಿಯವರ ಮನೆಯ ಹಿಂದಿನ ಕೋಣೆಯಲ್ಲಿ ಯಶೋದಮ್ಮ ಮಂಡಿಯೂರಿ ಕೂತಿದ್ದಾರೆ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮರಿಸ್ವಾಮಿಯವರ ತೊಡೆಸಂದಿಯ ಗಾಯ ತೊಳೆದು, ವಾಸನೆ ತಡೆಯಲು ಮೈಸೂರಿನ ನರ್ಸು ಹೇಳಿಕೊಟ್ಟಂತೆ ಮಾತ್ರೆಯ ಪುಡಿ ಉದುರಿಸಿ, ಬಟ್ಟೆ ಕಟ್ಟುತ್ತಾರೆ. ನೆಂಟರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ. ಯಶೋದಮ್ಮ ಮೂಗಿಗೆ ಸೆರಗು ಹಿಡಿಯುವುದಿಲ್ಲ. "ಅವ್ರು ನಮ್ಮ ಮೊಕಾನೇ ನೋಡ್ತಿರ್ತಾರೆ" ಎನ್ನುತ್ತಾರೆ.

ಆಶಾ ಕಾರ್ಯಕರ್ತೆಯಾದ ಅವರಿಗೆ ಇದು ದಿನದ ಮೊದಲ ಮನೆ. ಆಮೇಲೆ ಬಸುರಿಯರು, ಬಾಣಂತಿಯರು, ಲಸಿಕೆ. ಈ ಡ್ರೆಸಿಂಗು ಅವರ ನೌಕರಿಗೆ ಸೇರಿದ್ದಲ್ಲ.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಯವರ ಪಾದ ನೋಡಲು ಹೋದಾಗ ಮರಿಸ್ವಾಮಿಯವರ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ ಕಂಡಿತು. ಗದ್ದೆಯಲ್ಲಿ ಮುಳ್ಳು ಚುಚ್ಚಿದ್ದು ಎಂದರು ಅವರು. ಯಶೋದಮ್ಮನಿಗೂ ಅದೇನೆಂದು ತಿಳಿಯಲಿಲ್ಲ; ಆದರೂ ಬಿಡದೆ ಡಾಕ್ಟರ ಬಳಿ ಕರೆದೊಯ್ದರು. ಮೈಸೂರಿನಲ್ಲಿ ಚೂರು ತೆಗೆದು ಪರೀಕ್ಷಿಸಿದಾಗ ಮೆಲನೋಮ ಎಂದು ಗೊತ್ತಾಯಿತು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್. ಇನ್ನೂ ಹಬ್ಬಿದಂತಿಲ್ಲ, ಸುತ್ತಲಿನ ಮಾಂಸದ ಸಮೇತ ಈಗಲೇ ತೆಗೆದರೆ ಉಳಿಯಬಹುದು ಎಂದರು ಡಾಕ್ಟರು.

ಮರಿಸ್ವಾಮಿಯವರ ಅಣ್ಣ ಚಿಕ್ಕಸ್ವಾಮಿ ಒಪ್ಪಲಿಲ್ಲ. ಕತ್ತರಿ ತಾಕಿದರೆ ರೋಗ ಕೆರಳುತ್ತದೆ ಎಂದು ತಮ್ಮನನ್ನು ನಾಟಿ ಔಷಧಿಯವನ ಬಳಿ ಒಯ್ದು ಮಚ್ಚೆ ಸುಡಿಸಿದರು. ಮೇಲೆ ಚರ್ಮ ಕೂಡಿತು. ಡೈರಿಯಲ್ಲಿ ಹಾಲು ಹಾಕುವ ಹೊತ್ತಿಗೆ, ಎಲ್ಲರೆದುರು, ಯಶೋದಮ್ಮ ಆಪರೇಷನ್ನಿಗೆ ಜನ ಕಳಿಸಿ ಕಮಿಷನ್ ತಿನ್ನುವವಳು ಎಂದುಬಿಟ್ಟರು. ಕೆಲವು ಮನೆಗಳು ಆಕೆಯನ್ನು ಒಳಗೆ ಕರೆಯುವುದನ್ನೇ ಬಿಟ್ಟವು.

ವರ್ಷ ತುಂಬುವುದರೊಳಗೆ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಅಷ್ಟರಲ್ಲಿ ರೋಗ ಶ್ವಾಸಕೋಶ ಮುಟ್ಟಿತ್ತು. ಈಗ ಆಸ್ಪತ್ರೆಯವರು ಕೊಡುತ್ತಿರುವುದು ನೋವಿನ ಔಷಧಿಯಷ್ಟೇ. ಗಡ್ಡೆ ಒಡೆದ ದಿನ ಮರಿಸ್ವಾಮಿಯವರ ಹೆಂಡತಿ ಪುಟ್ಟಗೌರಮ್ಮ ಯಶೋದಮ್ಮನ ಬಾಗಿಲಿಗೆ ಬಂದು ಅತ್ತರು.

"ಸಿಟ್ಟಿಲ್ಲ ಅಂದ್ರೆ ಸುಳ್ಳಾಯ್ತದೆ. ಆದ್ರೆ ಗಾಯ ತೊಳೀದೆ ಇರಕಾಯ್ತದಾ?" ಎಂದು ಕೇಳುತ್ತಾರೆ ಯಶೋದಮ್ಮ.

ಕಳೆದ ತಿಂಗಳು ಚಿಕ್ಕಸ್ವಾಮಿ ಯಶೋದಮ್ಮನನ್ನು ಹಿತ್ತಿಲಲ್ಲಿ ತಡೆದು ತಮ್ಮದೇ ಅಂಗಾಲು ತೋರಿಸಿದರು. ಅಲ್ಲೂ ಒಂದು ಕಪ್ಪು ಗುರುತು. ಯಶೋದಮ್ಮ ಅಂದೇ ಅವರನ್ನು ಬಸ್ಸು ಹತ್ತಿಸಿ ಕರೆದೊಯ್ದರು. ಹೆಪ್ಪುಗಟ್ಟಿದ ರಕ್ತ, ತಾನೇ ಹೋಗುತ್ತದೆ ಎಂದರು ಡಾಕ್ಟರು. ವಾಪಸ್ ಬರುವಾಗ ಚಿಕ್ಕಸ್ವಾಮಿ ಕಿಟಕಿಯತ್ತ ಮುಖ ಮಾಡಿ ಕೂತಿದ್ದರು. ಊರು ಬಂದಾಗ, ತಪ್ಪು ತಿಳಿದಿದ್ದೆ ಕಣವ್ವ ಎಂದು ಮೆಲ್ಲಗೆ ಹೇಳಿ ಇಳಿದು ಹೋದರು.

ಯಶೋದಮ್ಮನಿಗೆ ಅಷ್ಟು ಸಾಲದು. "ಬಸ್ಸಲ್ಲಿ ಅಂದಿದ್ದು ಯಾರಿಗ್ ಕೇಳ್ತು? ಡೈರಿ ತಾವ ಆಡಿದ್ ಮಾತ್ನ ಡೈರಿ ತಾವ್ಲೇ ವಾಪಸ್ ತಕಳ್ಲಿ. ಮರಿಸ್ವಾಮಣ್ಣ ಬದುಕಿರವಾಗ್ಲೇ."