ಅಕ್ಕನ ಮನೆಯ ಇಳಿಜಾರು

ನನ್ನ ಕಸುಬಿನಲ್ಲಿ ನನಗೆ ಮೈಯೆಲ್ಲ ಉರಿಯುವಂತೆ ಮಾಡುವ ಒಂದು ಮಾತಿದೆ, ಎಲಿವೇಶನ್. ಕೊಪ್ಪದ ಬಸ್ ನಿಲ್ದಾಣದ ಹತ್ತಿರ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ನಾನು ಮನೆಗಳ ನಕ್ಷೆ ಬರೆದುಕೊಡುತ್ತೇನೆ. ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಫೋನ್ ತೆಗೆದು ಯಾರದೋ ಮನೆಯ ಮುಂಭಾಗದ ಚಿತ್ರ ತೋರಿಸುತ್ತಾರೆ. ಬಿಳಿ ಗೋಡೆಯ ಮೇಲೆ ಕಪ್ಪು ಪಟ್ಟಿ, ಏನನ್ನೂ ಹೊರದೆ ಸುಮ್ಮನೆ ನಿಂತ ಎರಡು ಕಂಬ, ಸಜ್ಜದ ಕೆಳಗೆ ನೀಲಿ ದೀಪ. "ಇಂಥದ್ದೇ ಎಲಿವೇಶನ್ ಬೇಕು ಮೇಡಂ, ಒಳಗೆ ನೀವು ಹ್ಯಾಗಾದ್ರೂ ಮಾಡಿ." ಮನೆಯಲ್ಲಿ ಎಷ್ಟು ಜನ, ಬೆಳಿಗ್ಗೆ ಮೊದಲು ಏಳುವವರು ಯಾರು, ಅಡುಗೆ ಮಾಡುವವರಿಗೆ ಬೆನ್ನುನೋವಿದೆಯೇ ಎಂದು ಕೇಳಿದರೆ, ಇವಳಿಗೆ ಅದೆಲ್ಲ ಯಾಕೆ ಬೇಕು ಎಂಬ ಹಾಗೆ ಮುಖ ನೋಡುತ್ತಾರೆ.

ಸಿವಿಲ್ ಓದುತ್ತಿದ್ದಾಗ ನನಗೆ ಪಾಠಕ್ಕಿಂತ ಹೆಚ್ಚಾಗಿ ತಲೆಗೆ ಹತ್ತಿದ್ದು ಕಾಲೇಜಿನ ಲೈಬ್ರರಿಯಲ್ಲಿದ್ದ ದಪ್ಪ ದಪ್ಪ ಚಿತ್ರದ ಪುಸ್ತಕಗಳು. ಹೊಸ ಕಾಲದ ಕಟ್ಟಡಗಳಿಗೆ ದಾರಿ ಹಾಕಿಕೊಟ್ಟ ದೊಡ್ಡವರ ಮನೆಗಳು, ಕಾರ್ಖಾನೆಗಳು, ಸಭಾಂಗಣಗಳು ಅವುಗಳಲ್ಲಿದ್ದವು. ಅವರು ಹೇಳಿದ್ದೆಲ್ಲ ನನಗೆ ನೇರವಾಗಿ ಎದೆಗೆ ಇಳಿಯಿತು. ಕಟ್ಟಡ ಯಾವುದಕ್ಕೆ ಬೇಕೋ ಅದರಿಂದಲೇ ಅದರ ರೂಪ ಹುಟ್ಟಬೇಕು. ಕಾಂಕ್ರೀಟು ಕಾಂಕ್ರೀಟಿನ ಹಾಗೆ ಕಾಣಬೇಕು, ಮರದ ವೇಷ ಹಾಕಬಾರದು. ಭಾರವನ್ನು ಕಂಬಗಳಿಗೆ ಕೊಟ್ಟರೆ ಗೋಡೆಗೆ ಬಿಡುಗಡೆ, ಬೇಕಾದಲ್ಲಿ ಉದ್ದುದ್ದ ಕಿಟಕಿ ಇಡಬಹುದು. ಒಬ್ಬರು ಮನೆಯನ್ನು ನೆಲಕ್ಕೆ ಅಂಟಿಸಿ ತಗ್ಗಾಗಿ ಕಟ್ಟಿದರೆ ಇನ್ನೊಬ್ಬರು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದರು. ಹಾಗೆ ಎತ್ತಿದ ಒಂದು ಮನೆಯೊಳಗೆ, ನೆಲದಿಂದ ತಾರಸಿಯವರೆಗೆ, ಮೆಟ್ಟಿಲಿನ ಜೊತೆಗೆ ಒಂದು ಇಳಿಜಾರು ದಾರಿಯೂ ಇತ್ತು. ಆ ಚಿತ್ರವನ್ನು ನಾನು ನೋಡಿದ್ದೇ ನೋಡಿದ್ದು, ಯಾಕೆಂದರೆ ನನಗೆ ಅಕ್ಕನ ನೆನಪಾಗಿತ್ತು.

ಅಕ್ಕನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಎಡಗಾಲು ಸಣ್ಣದು. ಹೆಜ್ಜೆ ಇಡುವಾಗ ಎಡಗೈಯಲ್ಲಿ ತೊಡೆಯನ್ನು ಒತ್ತಿ ಹಿಡಿಯುತ್ತಾಳೆ, ಅದೂ ಸೆರಗಿನ ಮರೆಯಲ್ಲಿ, ಹೊಸಬರಿಗೆ ಗೊತ್ತೇ ಆಗದ ಹಾಗೆ. ಸಮನೆಲದಲ್ಲಿ, ಸಣ್ಣ ಏರಿನಲ್ಲಿ ಅವಳನ್ನು ಹಿಡಿಯುವವರಿಲ್ಲ. ಮೆಟ್ಟಿಲು ಬಂದರೆ ಮಾತ್ರ ಯಾರದಾದರೂ ಭುಜ ಬೇಕು. ಮದುವೆಯಾಗಿ ನರಸಿಂಹರಾಜಪುರಕ್ಕೆ ಹೋದಮೇಲೆ ಅವಳು ಇದ್ದದ್ದು ಬಾಡಿಗೆ ಮನೆಯಲ್ಲಿ. ಅದರ ಬಾಗಿಲು ರಸ್ತೆಗೇ ತೆರೆಯುತ್ತಿತ್ತು, ನಡುವೆ ಮೆಟ್ಟಿಲೇ ಇರಲಿಲ್ಲ. ಅವಳು ಚೀಲ ಹಿಡಿದು ಹೊರಟರೆ ಸಂತೆ ಸುತ್ತಿ, ನಾಲ್ಕು ಜನರ ಹತ್ತಿರ ಚೌಕಾಶಿ ಮಾಡಿ, ಇಬ್ಬರ ಹತ್ತಿರ ಜಗಳ ಆಡಿ ಬರುತ್ತಿದ್ದಳು. ಸ್ವಂತ ಮನೆ ಕಟ್ಟುವ ಮಾತು ಬಂದಾಗ ನಾನೇ ನಕ್ಷೆ ಬರೆಯುತ್ತೇನೆ ಎಂದು ಹಟ ಹಿಡಿದೆ. ಅವಳು ತನ್ನ ಮನೆಯ ಮುಂಬಾಗಿಲಿನಿಂದ ಯಾರ ಭುಜವನ್ನೂ ಹಿಡಿಯದೆ ಹೊರಗೆ ಹೋಗಬೇಕು, ನನಗೆ ಬೇಕಾದದ್ದು ಅಷ್ಟೇ.

ಭಾವನಿಗೆ ಬೇಕಾದದ್ದು ಎತ್ತರ. ಅವರದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಒಳ್ಳೆಯ ಮನುಷ್ಯ, ಅಕ್ಕನಿಗೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಆ ಬಾಡಿಗೆ ಮನೆಯಲ್ಲಿ ಅವರು ಪಟ್ಟ ಪಾಡು ಅವರಿಗೇ ಗೊತ್ತು. ಡಾಂಬರು ಹಾಕಿದಾಗಲೆಲ್ಲ ರಸ್ತೆ ಒಂದಿಷ್ಟು ಮೇಲೇರಿ, ಮನೆ ಒಂದಿಷ್ಟು ಕೆಳಗಾಗಿ, ಕೊನೆಗೆ ಚರಂಡಿಯ ನೀರು ನಡುಮನೆಗೇ ಬರುತ್ತಿತ್ತು. ರಸ್ತೆಯಲ್ಲಿ ಹೋಗುವವರು ಬಗ್ಗಿ ನೋಡಿ ಮಾತಾಡಿಸುತ್ತಿದ್ದರು. "ಪಾಯ ಮೂರಡಿ ಮೇಲೆ ಬರ್ಬೇಕು. ಪಕ್ಕದ ಮನೆಗಿಂತ ಒಂದು ಕಲ್ಲು ಜಾಸ್ತಿನೇ ಇರ್ಲಿ," ಎಂದರು. ಮೂರಡಿ ಎಂದರೆ ಮುಂದೆ ಐದಾರು ಮೆಟ್ಟಿಲು. ನಾನು ಒಪ್ಪಿದೆ, ಪಕ್ಕದಲ್ಲಿ ಹಿಡಿದುಕೊಳ್ಳುವ ಕಂಬಿ ಇರುವ ಒಂದು ಕಾಂಕ್ರೀಟಿನ ಇಳಿಜಾರನ್ನೂ ನಕ್ಷೆಯಲ್ಲಿ ಬರೆದು ತಂದೆ. ಆಸ್ಪತ್ರೆ, ಬ್ಯಾಂಕುಗಳ ಮುಂದೆ ಇರುತ್ತದಲ್ಲ, ಅಂಥದ್ದು.

ಅದನ್ನು ಬೇಡವೆಂದದ್ದು ಭಾವ ಅಲ್ಲ, ಅಕ್ಕ.

"ಇದೆಂತದೇ ಇದು?"

"ನಿಂಗೇ ಕಣೇ. ಆರಾಮಾಗಿ ಹತ್ತಿ ಇಳೀಬಹುದು."

"ನಂಗೆ ಬೇಡ ಮಾರಾಯ್ತಿ. ರಸ್ತೇಲಿ ಹೋಗೋರಿಗೆಲ್ಲ ಈ ಮನೆಯೋಳ ಕಾಲು ಸರಿ ಇಲ್ಲ ಅಂತ ಬೋರ್ಡ್ ಬರೆಸಿ ಹಾಕ್ತೀಯಾ?"

"ಇರೋದನ್ನ ಮುಚ್ಚಿಡೋದು ಎಂತಕ್ಕೆ ಅಕ್ಕ?"

"ನೀನು ಮುಚ್ಚಿಟ್ಟು ನೋಡು ಒಂದಿನ, ಗೊತ್ತಾಗ್ತದೆ," ಎಂದು ಅವಳು ನಕ್ಷೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು.

ಬಸ್ಸಿನಲ್ಲಿ ಕೊಪ್ಪಕ್ಕೆ ವಾಪಸು ಬರುವಷ್ಟು ಹೊತ್ತೂ ನನ್ನ ಸಿಟ್ಟು ಅಕ್ಕನ ಮೇಲಿತ್ತು. ಆಮೇಲೆ ಪುಸ್ತಕದ ಆ ದೊಡ್ಡವರ ಮೇಲೆ ತಿರುಗಿತು. ಕಟ್ಟಡ ಏನನ್ನೂ ಮುಚ್ಚಿಡಬಾರದು, ಒಳಗಿದ್ದದ್ದು ಹೊರಗೆ ಕಾಣಬೇಕು ಎಂದು ಸಾರಿದವರಲ್ಲಿ ಒಬ್ಬರು, ಕಟ್ಟಡಗಳ ಅಳತೆಗೆಂದು ಒಬ್ಬ ಮನುಷ್ಯನ ಚಿತ್ರ ಬರೆದಿದ್ದರು. ಕೈ ಮೇಲೆತ್ತಿ ನಿಂತ ಆರಡಿಯ ಗಟ್ಟಿಮುಟ್ಟಾದ ಗಂಡಸು. ಬಾಗಿಲು ಅವನ ಅಳತೆಗೆ, ಮೆಟ್ಟಿಲು ಅವನ ಅಳತೆಗೆ. ತೊಡೆ ಒತ್ತಿ ನಡೆಯುವ ಹೆಂಗಸು ಆ ಚಿತ್ರದಲ್ಲಿಲ್ಲ. ಆ ಪುಸ್ತಕಗಳ ಮನೆಗಳ ಫೋಟೋದಲ್ಲಿ ಜನರೇ ಇರುತ್ತಿರಲಿಲ್ಲ, ಬಾಗಿಲಲ್ಲಿ ಒಂದು ಜೊತೆ ಚಪ್ಪಲಿಯೂ ಇರುತ್ತಿರಲಿಲ್ಲ. ಇದು ನನಗೆ ಅಷ್ಟು ವರ್ಷ ಹೊಳೆದೇ ಇರಲಿಲ್ಲ.

ಆದರೂ ಬಿಡಲು ಮನಸ್ಸಾಗಲಿಲ್ಲ. ನೆಲಕ್ಕೆ ಅಂಟಿದಂತೆ ತಗ್ಗಿನ ಮನೆ ಕಟ್ಟಿದವರನ್ನು ಇನ್ನೊಮ್ಮೆ ನೆನೆಸಿಕೊಂಡೆ. ಮನೆಯೇ ನೆಲಕ್ಕೆ ಇಳಿಯಬೇಕೆಂದೇನಿದೆ, ನೆಲವೇ ಮನೆಯವರೆಗೆ ಬಂದರಾಗದೇ? ಗೇಟಿನಿಂದ ಕಂಪೌಂಡಿನ ಬದಿಗೆ ಸಾಗಿ, ಮನೆಯ ಬಗಲಲ್ಲಿ ತಿರುಗಿ, ಅಂಗಳದ ಮಣ್ಣನ್ನೇ ನಿಧಾನವಾಗಿ ಏರಿಸುತ್ತ ಹೋಗಿ ಸಿಟೌಟಿಗೆ ಕೂಡಿಸಿದೆ. ಗೋಡೆಗೆ ಥಂಡಿ ಹಿಡಿಯದ ಹಾಗೆ ಮಣ್ಣಿಗೂ ಗೋಡೆಗೂ ನಡುವೆ ಒಂದು ಸಣ್ಣ ಕಾಲುವೆ. ಕಂಬಿ ಇಲ್ಲ, ಕಾಂಕ್ರೀಟಿಲ್ಲ, ಎರಡು ಕಡೆ ದಾಸವಾಳ, ಕ್ರೋಟನ್ ಗಿಡ. ನೋಡಿದವರಿಗೆ ಅದು ಹೂವಿನ ಅಂಗಳ, ಅಷ್ಟೇ. ಚರಂಡಿಯ ನೀರು ಬರುವ ಮಾತೂ ಇಲ್ಲ, ಮನೆ ಮೂರಡಿ ಮೇಲೆಯೇ ಇದೆ. ಅಕ್ಕ ಈ ಸಲ ನಕ್ಷೆಯನ್ನು ಮಡಚಲಿಲ್ಲ. ಬೆರಳಿಟ್ಟು ದಾರಿಯುದ್ದಕ್ಕೂ ಎಳೆದು, "ಇದು ಅಡ್ಡಿಲ್ಲ," ಎಂದಳು.

ಕೆಲಸ ಶುರುವಾಗಿ, ಪಾಯ ಎದ್ದು, ತಾರಸಿಗೆ ಮೋಲ್ಡ್ ಬಿದ್ದು, ಗಿಲಾವು ಮುಗಿಯುವ ಹೊತ್ತಿಗೆ ಅಂಗಳಕ್ಕೆ ಮಣ್ಣೂ ಬಿತ್ತು. ಗಿಡ ಇನ್ನೂ ನೆಟ್ಟಿರಲಿಲ್ಲ, ಬರೀ ಕೆಂಪು ಏರು. ಅಕ್ಕ ಒಂದು ಸಂಜೆ ಚಪ್ಪಲಿ ಬಿಟ್ಟು ಅದರ ಮೇಲೆ ಒಬ್ಬಳೇ ನಡೆದು ಹೋಗಿ ಸಿಟೌಟಿನಲ್ಲಿ ನಿಂತಳು. ತಿರುಗಿ ನನ್ನ ಕಡೆ ನೋಡಿದಳು. ನನಗೆ ಯಾವ ಗಿರಾಕಿಯೂ ಅಂಥ ಸಂತೋಷ ಕೊಟ್ಟಿರಲಿಲ್ಲ.

ಆಮೇಲಿನ ಕೆಲವು ವಾರ ನಾನು ಶೃಂಗೇರಿಯಲ್ಲಿ ಸಿಕ್ಕಿಹಾಕಿಕೊಂಡೆ. ಅಲ್ಲಿ ಒಂದು ಕಲ್ಯಾಣ ಮಂಟಪದ ಕೆಲಸ. ಮಂಟಪ ಮೇಲೆ, ಊಟದ ಹಾಲ್ ಕೆಳಗೆ, ನಡುವೆ ಅಗಲವಾದ ಮೆಟ್ಟಿಲು ಎಂದು ಕಮಿಟಿಯವರು ಮೊದಲೇ ತೀರ್ಮಾನಿಸಿ ಕೂತಿದ್ದರು. ಅಕ್ಷತೆ ಹಾಕಲು ಮೇಲೆ ಹತ್ತಿದ ಅಜ್ಜಿ ಊಟಕ್ಕೆ ಕೆಳಗೆ ಹ್ಯಾಗೆ ಇಳಿಯುತ್ತಾಳೆ ಎಂದು ಕೇಳಿದೆ. "ಅಲ್ಲಿಗೇ ಒಂದು ಎಲೆ ತಂದು ಬಡಿಸಿದ್ರಾಯ್ತು ಮೇಡಂ," ಎಂದರು. ಮದುವೆ ಮನೆಯಲ್ಲಿ ಎಲ್ಲರೂ ಪಂಕ್ತಿಯಲ್ಲಿ ಕೂತು ಉಣ್ಣುವಾಗ, ಖಾಲಿ ಕುರ್ಚಿಗಳ ನಡುವೆ ಒಬ್ಬಳೇ ಕೂತು ಉಣ್ಣುವ ಮುದುಕಿಯ ಕಷ್ಟ ಅವರ ತಲೆಗೆ ಹೋಗಲೇ ಇಲ್ಲ. ಎರಡನ್ನೂ ನೆಲದ ಮಟ್ಟದಲ್ಲೇ ಅಕ್ಕಪಕ್ಕ ಇಡುವಷ್ಟು ಜಾಗ ಧಾರಾಳವಾಗಿತ್ತು. ಆದರೆ ಮೆಟ್ಟಿಲಿಲ್ಲದಿದ್ದರೆ ಎಲಿವೇಶನ್ ಏಳುವುದಿಲ್ಲವಂತೆ. ಗಂಟಲು ಹರಿಯುವ ಹಾಗೆ ವಾದ ಮಾಡಿ ಹೊರಗೆ ಬಂದು ನಿಂತಿದ್ದಾಗ ಅಕ್ಕನ ಫೋನ್ ಬಂತು.

"ಸಿಟ್ಟು ಮಾಡ್ಬೇಡ. ನಿಮ್ಮ ಭಾವ ಮಣ್ಣು ತೆಗೆಸಿದ್ರು."

ಪಕ್ಕದ ಮನೆಯವರ ಚರಂಡಿ ಕೆಲಸಕ್ಕೆ ಜೆಸಿಬಿ ಬಂದಿತ್ತಂತೆ. ಆ ಮನೆಯವರು ಕಂಪೌಂಡಿನಾಚೆಯಿಂದಲೇ, ಮನೆ ಮಣ್ಣಲ್ಲಿ ಹುಗಿದ ಹಾಗೆ ಕಾಣುತ್ತದಲ್ಲ ಮಾರಾಯರೇ, ಪಾಯದ ಎತ್ತರ ಗೊತ್ತೇ ಆಗುವುದಿಲ್ಲ ಎಂದಿದ್ದಾರೆ. ಭಾವ ಅದನ್ನು ರಸ್ತೆಗೆ ಹೋಗಿ ನಿಂತು ನೋಡಿದ್ದಾರೆ. ನೋಡಿದರೆ ಹೌದು. ಮೂರಡಿ ಎತ್ತರಿಸಿದ ಮನೆ ಎತ್ತರ ಕಾಣುತ್ತಲೇ ಇಲ್ಲ. ಹೇಗೂ ಜೆಸಿಬಿ ಬಂದಿದೆಯಲ್ಲ, ನಮ್ಮ ಮಣ್ಣಿನ ಕಡೆಗೂ ಒಂದು ಕೈ ಆಡಿಸಿ ಎಂದು ಹೇಳಿದ್ದಾರೆ. ನಾನು ಮಾರನೆಯ ದಿನ ಹೋಗಿ ನೋಡುವಾಗ ಅಲ್ಲಿ ಹೊಳೆಯುವ ಕಪ್ಪು ಗ್ರಾನೈಟಿನ ಮೆಟ್ಟಿಲು ಕೂರಿಸುತ್ತಿದ್ದರು.

"ನೀರು ಬರಬಾರ್ದು ಅಂತ ತಾನೇ ಎತ್ತರ ಬೇಕು ಅಂದದ್ದು? ನೀರು ಬರ್ತಿರ್ಲಿಲ್ಲ!" ಎಂದು ನಾನು ಕೂಗಾಡಿದೆ.

ಭಾವ ಬೇಸರ ಮಾಡಿಕೊಳ್ಳಲಿಲ್ಲ. "ನಿನ್ನ ಮಾತು ಸುಳ್ಳಲ್ಲ ಇಂಜಿನಿಯರ್ರೇ. ಆದ್ರೆ ಇಷ್ಟು ವರ್ಷ ಕೆಳಗಿದ್ದು ಕೆಳಗಿದ್ದು ಸಾಕಾಗಿದೆ. ಮೇಲಿದ್ದೀವಿ ಅಂತ ಕಾಣ್ಬೇಕಲ್ಲ. ಅವಳಿಗೆಂತ, ನಾನಿದೀನಲ್ಲ ಕೈ ಹಿಡಿಯಕ್ಕೆ."

ಅಕ್ಕ ಒಳಗೆ ಕಿಟಕಿಯ ಗಾಜು ಒರೆಸುತ್ತಿದ್ದಳು. ನನ್ನ ಪರವಾಗಿ, ತನ್ನ ಪರವಾಗಿ ಒಂದೇ ಒಂದು ಮಾತು ಆಡಬಹುದಿತ್ತು. ಗಾಜು ಒರೆಸುತ್ತಲೇ ಇದ್ದಳು. ಆ ಹೊತ್ತು ಅವಳ ಕೈಯಲ್ಲಿದ್ದ ಬಟ್ಟೆ ಕಿತ್ತು ಎಸೆಯುವಷ್ಟು ಸಿಟ್ಟು ಬಂದಿತ್ತು ನನಗೆ.

ಗೃಹಪ್ರವೇಶದ ದಿನ ಹೋಗಬಾರದೆಂದುಕೊಂಡೇ ಹೋದೆ. ನಮ್ಮ ಕಡೆ ಹೊಸ ಮನೆಗೆ ಮೊದಲು ಕಾಲಿಡುವುದು ಹಸು. ಅದರ ಹಿಂದೆ ಕಲಶ ಹಿಡಿದ ಯಜಮಾನಿ, ಯಜಮಾನ. ಕಡಹಿನಬೈಲಿನ ಸಂಬಂಧಿಕರೊಬ್ಬರು ಹಸು, ಕರು ತಂದಿದ್ದರು. ಕೊಂಬಿಗೆ ಹೂವು, ಹಣೆಗೆ ಅರಿಶಿನ ಕುಂಕುಮ. ಹಸು ಗೇಟಿನೊಳಗೆ ಲಕ್ಷಣವಾಗಿ ಬಂದು, ಗ್ರಾನೈಟಿನ ಮೊದಲ ಮೆಟ್ಟಿಲಿನ ಮೇಲೆ ಗೊರಸಿಟ್ಟಿತು, ಜಾರಿತು, ಹಿಂದಕ್ಕೆ ಬಂತು. ಹುಲ್ಲು ತೋರಿಸಿದರು, ಬಾಳೆಹಣ್ಣು ತೋರಿಸಿದರು, ಕರುವನ್ನು ಎತ್ತಿಕೊಂಡು ಹೋಗಿ ಮೇಲೆ ನಿಲ್ಲಿಸಿದರು. ಹಸು ಅಂಬಾ ಎಂದಿತೇ ಹೊರತು ಕಾಲೆತ್ತಲಿಲ್ಲ. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಅವಸರ ಮಾಡತೊಡಗಿದರು.

ಆಗ ಭಾವ ಪಂಚೆ ಮೇಲೆ ಕಟ್ಟಿಕೊಂಡು ಹಿತ್ತಲಿಗೆ ಓಡಿದರು. ಮೋಲ್ಡ್ ಹಾಕುವಾಗ ಕೆಳಗೆ ಆಧಾರಕ್ಕೆ ಕೊಟ್ಟಿದ್ದ ಸೆಂಟ್ರಿಂಗಿನ ಹಲಗೆಗಳು ಅಲ್ಲಿ ಇನ್ನೂ ಬಿದ್ದಿದ್ದವು. ನಾಲ್ಕು ಜನ ಹೊತ್ತು ತಂದರು. ನಡುವೆ ಕಲ್ಲು ಕೊಟ್ಟು, ಒಂದಕ್ಕೊಂದು ಜೋಡಿಸಿ, ಗೇಟಿನ ಹತ್ತಿರದಿಂದ ಬಾಗಿಲವರೆಗೆ ಉದ್ದಕ್ಕೆ ಹಾಕಿದರು. ಮೇಲೆ ಗೋಣಿಚೀಲ ಹಾಸಿದರು. ಭಾವ ತಾವೇ ಒಮ್ಮೆ ನಡೆದು ನೋಡಿ, "ಇನ್ನೂ ಸ್ವಲ್ಪ ಉದ್ದ ಆಗ್ಲಿ, ಏರು ಜಾಸ್ತಿಯಾದ್ರೆ ಅದಕ್ಕೆ ಕಷ್ಟ ಆಗ್ತದೆ," ಎಂದು ಇನ್ನೊಂದು ಹಲಗೆ ತರಿಸಿದರು. ಎರಡು ಕಡೆ ಜನ ನಿಲ್ಲಿಸಿದರು. "ನಿಧಾನ, ನಿಧಾನ. ಕಾಲಿಗೆ ಪೆಟ್ಟಾಗ್ಬಾರ್ದು ಪಾಪ," ಎನ್ನುತ್ತ ಹಗ್ಗ ಹಿಡಿದರು. ಹಸು ಗಂಭೀರವಾಗಿ ಹತ್ತಿ ಒಳಗೆ ಹೋಯಿತು. ಎಲ್ಲರೂ ಕೈಮುಗಿದರು.

ನಾನು ಕಂಪೌಂಡಿಗೆ ಒರಗಿ ನಿಂತಿದ್ದೆ. ತಿಂಗಳುಗಟ್ಟಲೆ ನಾನು ಕೇಳಿಕೊಂಡು, ಜಗಳವಾಡಿ, ನಕ್ಷೆಯ ಮೇಲೆ ನಕ್ಷೆ ಬರೆದರೂ ಆಗದ್ದು ಒಂದು ಹಸು ಕಾಲೆತ್ತದೆ ನಿಂತದ್ದಕ್ಕೆ ಗಳಿಗೆಯಲ್ಲಿ ಆಗಿಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಹೆಂಗಸು ಅದನ್ನು ಭಕ್ತಿ ಎಂದುಕೊಂಡು ನನ್ನ ಬೆನ್ನು ಸವರಿದರು.

ಫೋಟೋದವನು ಹಲಗೆ ತೆಗೆಯಲು ಹೇಳಿದ. ಯಜಮಾನ, ಯಜಮಾನಿ ಮೆಟ್ಟಿಲು ಹತ್ತುವುದು ಅವನಿಗೆ ಬೇಕಿತ್ತು. ಇಬ್ಬರು ಬಗ್ಗಿ ಹಲಗೆಯ ತುದಿ ಹಿಡಿದರು. ಭಾವ ಭುಜ ಕೊಡಲು ಅಕ್ಕನ ಪಕ್ಕಕ್ಕೆ ಬಂದರು.

"ಇರ್ಲಿ, ತೆಗೀಬೇಡಿ," ಎಂದಳು ಅಕ್ಕ. "ಗೋಮಾತೆ ಹೋದ ದಾರೀಲೇ ನಾನೂ ಹೋಗ್ತೀನಿ."

ಪುರೋಹಿತರು, "ಬಹಳ ಒಳ್ಳೇದು ತಾಯಿ," ಎಂದರು. ಅಕ್ಕ ಕಲಶವನ್ನು ಬಲಗೈಯಲ್ಲಿ ಸೊಂಟಕ್ಕಾನಿಸಿಕೊಂಡು, ಎಡಗೈಯನ್ನು ಸೆರಗಿನೊಳಗೆ ಇಳಿಬಿಟ್ಟು, ಅಷ್ಟೂ ಜನರ ಮುಂದೆ ಗೋಣಿಯ ಮೇಲೆ ಒಬ್ಬಳೇ ನಡೆದು ಒಳಗೆ ಹೋದಳು. ಎಂಥ ಶ್ರದ್ಧೆ ನೋಡಿ ಎಂದು ಹೆಂಗಸರು ಮಾತಾಡಿಕೊಂಡರು. ಅವಳ ಕಾಲನ್ನು ಯಾರೂ ನೋಡಲಿಲ್ಲ. ನನ್ನ ಎದುರು ಹಾಯುವಾಗ ಮಾತ್ರ ಒಂದು ಗಳಿಗೆ ನನ್ನ ಕಡೆ ತಿರುಗಿದಳು.

ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಮೇಸ್ತ್ರಿ ಹಲಗೆಗಳನ್ನು ಗಾಡಿಗೆ ಹೇರಿದ, ಬೇರೆ ಮನೆಯ ಮೋಲ್ಡಿಗೆ ಬೇಕಿತ್ತಂತೆ. ನಾನು ಬೇರೆ ವ್ಯವಸ್ಥೆ ಮಾಡುವವರೆಗಾದರೂ ಇರಲಿ ಎಂದು ಭಾವನ ಹತ್ತಿರ ಬೇಡಿಕೊಂಡೆ. "ಹೊಸ ಮನೆ ಮುಂದೆ ಹಳೇ ಹಲಗೆ ಹಾಕ್ಕೊಂಡು ಕೂರೋದಾ? ಬಂದೋರೆಲ್ಲ ಮೆಟ್ಟಿಲು ಎಷ್ಟು ಚಂದ ಅಂತ ಹೇಳಿ ಹೋದ್ರು," ಎಂದರು. ಅವರ ಮುಖದ ತುಂಬ ಸಂತೋಷವಿತ್ತು.

ಈಗ ಸಂತೆಗೆ ಭಾವನೇ ಹೋಗುತ್ತಾರೆ. ತರಕಾರಿ ಚೆನ್ನಾಗಿಯೇ ಆರಿಸಿ ತರುತ್ತಾರಂತೆ. ಮೊನ್ನೆ ಫೋನ್ ಮಾಡಿದಾಗ, ಹೊರಗೆ ಹೋಗಿ ಎಷ್ಟು ದಿನವಾಯಿತು ಎಂದು ಅಕ್ಕನನ್ನು ಕೇಳಿದೆ.

"ಹೋಗ್ಬೇಕು ಮಾರಾಯ್ತಿ," ಎಂದಳು. "ಇವರಿಗೆ ಹೇಳಿದೀನಿ, ಆ ಹಸೂನ ಇನ್ನೊಂದ್ಸಲ ಕರ್ಸಿ ಅಂತ."

ಅವಳ ಹಿಂದಿನಿಂದ ಭಾವ ಜೋರಾಗಿ ನಕ್ಕದ್ದು ನನಗೆ ಫೋನಿನಲ್ಲಿ ಕೇಳಿಸಿತು.