ಸೋಲದವನು ಹೊತ್ತ ಹಾಲಿನ ಕ್ಯಾನು

ಮರ್ಲ್ ಹಚೆನ್ಸ್ ನಮ್ಮ ಪಕ್ಕದ ಮನೆಯವನು. ಕಟಾವು ಯಂತ್ರಗಳಿಗೆ ಬೆಸುಗೆ ಹಾಕುವುದು ಅವನ ಕಸುಬು, ನಮ್ಮ ಡ್ರಮಂಡ್ ಕಾಲೇಜಿನ ಫುಟ್‌ಬಾಲ್ ತಂಡ ಅವನ ಹುಚ್ಚು. ಇವನ ಬಾಯಿಗೆ ಬೀಗವಿಲ್ಲ ಎಂದು ಹೆಂಡತಿ ಅಯೋನಾಳೇ ಹೇಳುತ್ತಾಳೆ. ಆ ಬಾಯಿಗೆ ತಕ್ಕ ಜೋಡಿ ಇದ್ದದ್ದು ನದಿಯಾಚೆಯ ಕೆಲ್ಬಿಯಲ್ಲಿ, ಹೋಟೆಲ್ ನಡೆಸುವ ಲಾಯ್ಡ್ ಜಿಮ್ಮರ್.

ಕೆಲ್ಬಿಗೂ ಒಂದು ಕಾಲೇಜು, ಒಂದು ತಂಡ. ಪ್ರತಿ ನವೆಂಬರಿನಲ್ಲೂ ಎರಡೂರಿನ ಪಂದ್ಯ. ಪಣಕ್ಕೆ ಒಂದು ಹಳೆಯ ಹಾಲಿನ ಕ್ಯಾನು. ಅದನ್ನು ಇಟ್ಟುಕೊಂಡವರು ಸೋತರೆ, ಹೊತ್ತುಕೊಂಡು ನಡೆದೇ ಸೇತುವೆ ದಾಟಿ ಗೆದ್ದವರಿಗೆ ಒಪ್ಪಿಸಬೇಕು. ಗೆದ್ದವರು ಮೊದಲು ಮನಸಾರೆ ಬೈದು, ಆಮೇಲೆ ಚಿಲಿ ಎನ್ನುವ ಖಾರದ ಮಾಂಸದ ಸಾರು, ದಾಲ್ಚಿನ್ನಿ ರೋಲ್ ಕೊಟ್ಟು ಹೊಟ್ಟೆ ತುಂಬಿಸಬೇಕು.

"ಬಾರೋ ಕಳ್ಳ, ಸೊಂಟ ಹೋಯ್ತಾ?" ಎಂದು ಲಾಯ್ಡ್ ಕೂಗಿದರೆ, "ನಿನ್ನ ಚಿಲಿ ತಿನ್ನೋದಕ್ಕಿಂತ ಇದನ್ನ ಹೊರೋದೇ ವಾಸಿ ಕಣೋ" ಎಂದು ಇವನು. ಹೀಗೇ ಇಬ್ಬರಿಗೂ ತಲೆ ನೆರೆಯಿತು.

ಆಮೇಲೆ ನಮ್ಮ ಕಾಲೇಜಿನ ದೊಡ್ಡವರು ಟಿವಿ ಪ್ರಸಾರದ ಹಣಕ್ಕೆ ಬಾಯಿ ಬಿಟ್ಟರು. ಕೆಲ್ಬಿಯೂ ಇದ್ದ ಹಳೆಯ ಪಂದ್ಯಕೂಟ ಬಿಟ್ಟು ದೊಡ್ಡ ಕೂಟ ಸೇರಿದ್ದಾಯಿತು. ಕೆಲ್ಬಿಯನ್ನು ಯಾರೂ ಕರೆಯಲಿಲ್ಲ, ನಮ್ಮ ಹೊಸ ವೇಳಾಪಟ್ಟಿಯಲ್ಲೂ ಅವರಿಗೆ ಜಾಗವಿರಲಿಲ್ಲ. ಅಂದು ರೇಡಿಯೊದವರು ಮರ್ಲ್‌ನ ಮುಂದೆ ಮೈಕು ಹಿಡಿದರು. "ಅಂತೂ ನಮ್ಮ ಸರಿಸಮಾನರ ಜೊತೆ ಆಡೋ ಕಾಲ ಬಂತು!" ಎಂದುಬಿಟ್ಟ. ಊರಿಗೆ ಊರೇ ಚಪ್ಪಾಳೆ ತಟ್ಟಿತು.

ಆ ಸರಿಸಮಾನರು ನಮ್ಮ ಹುಡುಗರನ್ನು ಚಿಂದಿ ಮಾಡಿ ಹೋದರು. ದೂರದ ಕರಾವಳಿಯಿಂದ ಬಂದ ಅವರ ಕಡೆಯವರಿಗೆ ನಮ್ಮೂರಿನ ಹೆಸರೂ ನೆಟ್ಟಗೆ ಗೊತ್ತಿರಲಿಲ್ಲ, ಇನ್ನು ನಮ್ಮನ್ನು ಬೈಯುವುದೆಲ್ಲಿಂದ ಬಂತು. ಆದರೆ ಮರ್ಲ್ ಕುಗ್ಗಿದ್ದು ಸೋಲಿಗಲ್ಲ. ಬಿಡಿಭಾಗ ತರಲು ಕೆಲ್ಬಿಗೆ ಹೋದವನು ಎಂದಿನಂತೆ ಲಾಯ್ಡ್‌ನ ಹೋಟೆಲಿಗೆ ನುಗ್ಗಿ, "ಏನೋ ಮುದುಕ, ಇನ್ನೂ ಬದುಕಿದ್ದೀಯಾ?" ಎಂದು ಕೇಳಿದ್ದ.

"ಬನ್ನಿ ಸರ್, ಕೂತ್ಕೊಳ್ಳಿ. ಏನು ಕೊಡ್ಲಿ?" ಎಂದನಂತೆ ಲಾಯ್ಡ್.

ಅಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು ಮರ್ಲ್ ತಲೆಯೆತ್ತಲಿಲ್ಲ. "ಸರ್ ಅಂದ ಕಣಕ್ಕ. ನಾಲ್ಕು ಬಿಟ್ಟಿದ್ರೂ ಚೆನ್ನಾಗಿರ್ತಿತ್ತು. ನಾನು ರೇಡಿಯೊದಲ್ಲಿ ಅಂದಿದ್ದು ಅವನ ಕಿವಿಗೆ ಬಿದ್ದಿದೆ."

"ಬೀಳದೆ ಇರುತ್ತಾ? ರೇಡಿಯೊಗೆ ನದಿ ಅಡ್ಡ ಬರುತ್ತೇನೋ?" ಎಂದು ಗದರಿದೆ. ನನಗೂ ಅವನ ಮೇಲೆ ಸಿಟ್ಟಿತ್ತು. ಆದರೆ ಆ ದೊಡ್ಡ ಮನುಷ್ಯ ನಾಚಿಕೆಯಿಂದ ಮುಖ ಉಜ್ಜಿಕೊಳ್ಳುವುದನ್ನು ನೋಡಲಾಗಲಿಲ್ಲ.

ನವೆಂಬರಿನಲ್ಲಿ, ಹಳೆಯ ಪಂದ್ಯ ನಡೆಯಬೇಕಿದ್ದ ಶನಿವಾರ, ಅವನು ನಮ್ಮಲ್ಲೇ ಉಳಿದಿದ್ದ ಕ್ಯಾನು ಹೊತ್ತು ಹೊರಟೇಬಿಟ್ಟ. ಬೇಡವೆಂದರೆ ಕೇಳಲಿಲ್ಲ. ಬಿಡಲಾರದೆ ನಾನೂ ಹಿಂದೆ ಹೋದೆ. ಸೇತುವೆಯ ಆ ತುದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೋಟೆಲಿಗೆ ಹೋಗಿ ಲಾಯ್ಡ್‌ನ ಮುಂದೆ ಕ್ಯಾನು ಇಳಿಸಿದ.

"ತಗೊಳ್ಳೋ. ನಾವು ಸೋತ್ವಿ."

ಲಾಯ್ಡ್ ಮೇಜು ಒರೆಸುತ್ತಲೇ ಇದ್ದ. "ಎಲ್ಲಿ ಸೋತ್ರಿ ಸರ್? ಕೊನೇ ಪಂದ್ಯ ನೀವೇ ಗೆದ್ದಿದ್ದು. ಆಡದೆ ಸೋಲೋಕಾಗುತ್ತಾ?"

"ನಾನು ಹಾಗೆ ಅನ್ನಬಾರದಿತ್ತು ಕಣೋ. ಬೈಯಿ. ಬಾಯಿಗೆ ಬಂದಂಗೆ ಬೈಯಿ, ಎಲ್ಲರ ಮುಂದೇನೇ ಬೈಯಿ."

ತಿನ್ನುತ್ತಿದ್ದವರೆಲ್ಲ ತಟ್ಟೆ ನೋಡತೊಡಗಿದರು. ಲಾಯ್ಡ್‌ನ ತುಟಿ ಅದುರಿತು. ಈಗ ಬೈಯುತ್ತಾನೆ, ಬೈದೇಬಿಡುತ್ತಾನೆ ಎಂದು ನಾನು ಆಸೆಯಿಂದ ಕಾದೆ.

"ಬೈಗುಳ ನಮ್ಮೋರಿಗೆ ಸರ್," ಎಂದ.

ಮರ್ಲ್ ಬಗ್ಗಿ ಕ್ಯಾನು ಎತ್ತಿಕೊಂಡ. ಅವನ ಎರಡೂ ಕೈ ತುಂಬಿದ್ದವು. ಲಾಯ್ಡ್ ತಾನೇ ಬಂದು ಬಾಗಿಲು ತೆರೆದು ಹಿಡಿದ.

"ಮೆಟ್ಟಿಲಿದೆ, ನೋಡ್ಕೊಂಡು ಹೋಗಿ."